ಚುಂಚನಕಟ್ಟೆಯಲ್ಲಿ ಮಾದೇಶನ ಬಸ್ಸು

ರಾವಂದೂರು
17-8-1998

ತಮ್ಮ ನಟರಾಜನಿಗೆ,

ಊರು ಸೇರಿದೆ. ನನ್ನ ಕೈಯ ಗಾಯ ಒಣಗುತ್ತಾ ಇದೆ. ಹಲ್ಲಿನ ಗುರುತು ನೋಡಿ ನಿನ್ನ ಭಾವ, "ಏನಮ್ಮಿ, ನಾಯಿಗೀಯಿ ಕಚ್ತಾ?" ಅಂದರು. "ಊಂ ಕಣ್ರೀ, ಬೀಚನಳ್ಳಿ ನಾಯಿ. ಸಾಕಿರೋದು ನನ್ ತಮ್ಮ" ಅಂದೆ. ಆಮೇಲೆ ವಿಷಯ ತಿಳಿದು ಅವರೂ ನಕ್ಕರು.

ಆದರೆ ನಗುವಂಥದ್ದಲ್ಲ ನಟರಾಜು. ನಾನು ಮಾಡಿದ್ದೇನು, ನಿನ್ನ ಮಗಳು ಹರ್ಷಿತಾಳ ತಲೆಗೆ ಬಾಚಣಿಗೆ ಮುಟ್ಟಿಸಿದೆ ಅಷ್ಟೆ, ಕಚ್ಚಿಬಿಟ್ಟಳು. ನಾಲ್ಕು ವರ್ಷದ ಹೆಣ್ಣುಮಗು ಅಂಥ ಕೂಗು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಆ ಕೂದಲು ಗಂಟುಕಟ್ಟಿ ಹಗ್ಗದ ಹಾಗಾಗಿದೆ. ಹೆತ್ತವಳು ರಾಧಾ ತೀರಿಹೋದ ಮೇಲೆ ಆ ತಲೆಗೆ ಯಾರ ಕೈಯೂ ತಾಗಿಲ್ಲ ಅಂತ ಆಗ ಗೊತ್ತಾಯಿತು. ಹೊತ್ತುಹೊತ್ತಿಗೆ ಊಟವಿಲ್ಲ, ಬಟ್ಟೆ ಉಲ್ಟಾ. ನೀನು ಡ್ಯಾಮಿನ ಕೆಲಸಕ್ಕೆ ಹೋದರೆ ಪಕ್ಕದ ಮನೆಯ ಸಿದ್ದಲಿಂಗಮ್ಮ ನೋಡಿಕೊಳ್ಳಬೇಕು.

ಅವ್ವನಿಗೆ ಎಲ್ಲಾ ಹೇಳಿದೆ. ಮಗುವನ್ನು ಸಿದ್ದಿ ಮನೆಯಲ್ಲಿ, ಅಂದರೆ ನನ್ನ ಹತ್ತಿರ, ಬಿಡಲಿ ಅಂದಳು ಅವ್ವ. ನನಗೂ ಹಾಗೇ ಅನ್ನಿಸುತ್ತದೆ. ನನಗೆ ಹೆಣ್ಣುಮಕ್ಕಳಿಲ್ಲ. ಭಾರವೆಂದುಕೊಳ್ಳುವುದಿಲ್ಲ.

ನೀನು ಬಾಯಿ ಬಿಡುವವನಲ್ಲ, ಆದರೆ ಬಸ್ಸು ಹತ್ತಿಸುವಾಗ ನಿನ್ನ ಮುಖ ನೋಡಿದೆ. ಅದಕ್ಕೇ ಒಂದು ಮಾತು ಹೇಳುತ್ತೇನೆ. ಮಗುವಿಗೆ ಐದು ತುಂಬುವುದರೊಳಗೆ ಚುಂಚನಕಟ್ಟೆ ಹೊಳೆಯಲ್ಲಿ ಮುಡಿ ಕೊಡುತ್ತೇನೆ ಎಂದು ರಾಧಾ ಹರಕೆ ಹೊತ್ತಿದ್ದಳು. ಬರುವ ಮಾರ್ಚಿಗೆ ಐದು ತುಂಬುತ್ತದೆ. ಅಲ್ಲಿಯವರೆಗೆ ನಿನ್ನ ಹತ್ತಿರ ಇರಲಿ. ಆ ದಿನ ಅವಳು ಕೂತು ಮುಡಿ ಕೊಟ್ಟರೆ ನಿನ್ನ ಕೈಲಿ ಆಗುತ್ತದೆ ಎಂದು ನಾನು ಒಪ್ಪುತ್ತೇನೆ. ಕೊಡದಿದ್ದರೆ ಅಲ್ಲಿಂದಲೇ ಕರೆದುಕೊಂಡು ಬರುತ್ತೇನೆ. ಅವ್ವನೂ ಇದಕ್ಕೆ ಒಪ್ಪಿದ್ದಾಳೆ.

ನಿನ್ನ ಅಕ್ಕ
ಚಿಕ್ಕಸಿದ್ದಮ್ಮ


ಬೀಚನಹಳ್ಳಿ
9-9-1998

ಅಕ್ಕನಿಗೆ ನಮಸ್ಕಾರ.

ಪತ್ರ ಬಂದು ಬಹಳ ದಿನವಾಯಿತು. ಡ್ಯಾಮು ತುಂಬಿ ಗೇಟು ಎತ್ತುವ ಕೆಲಸ ಹೆಚ್ಚಿತ್ತು. ಅದಕ್ಕಿಂತ, ಏನು ಬರೆಯಬೇಕೆಂದು ತಿಳಿಯಲಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ರಾಧಾ ಹೋದ ಮೇಲೆ ದಿನಾ ಡೈರಿ ಬರೆಯುವ ಅಭ್ಯಾಸವಾಗಿದೆ. ಅದರಲ್ಲಿ ಬರೆಯುವ ಹಾಗೆಯೇ ನಿನಗೂ ಬರೆಯುತ್ತೇನೆ.

ಬಟ್ಟೆ ಉಲ್ಟಾ ಎಂದು ಬರೆದಿದ್ದೀಯ. ಅದು ನನಗೆ ತಿಳಿಯದೆ ಆದದ್ದಲ್ಲ ಅಕ್ಕ. ಫ್ರಾಕಿನ ಒಳಗಡೆಯ ಹೊಲಿಗೆ ಮೈಗೆ ತಾಗಿದರೆ ಕಿತ್ತು ಬಿಸಾಡುತ್ತಾಳೆ. ಉಲ್ಟಾ ಹಾಕಿದರೆ ಹೊಲಿಗೆ ಹೊರಗಾಗುತ್ತದೆ, ಸುಮ್ಮನಿರುತ್ತಾಳೆ. ತಾಯಿಯಿಲ್ಲದ ಮಗು, ಅಪ್ಪನಿಗೆ ಫ್ರಾಕು ಹಾಕಲೂ ಬರುವುದಿಲ್ಲ ಎಂದು ಕಾಲೋನಿಯವರು ಮರುಗುತ್ತಾರೆ. ಮರುಗಲಿ ಎಂದು ಬಿಟ್ಟಿದ್ದೇನೆ.

ಅನ್ನ ಮೊಸರು ಮುಟ್ಟುವುದಿಲ್ಲ. ಅಂಚು ಸೀದ ರಾಗಿ ರೊಟ್ಟಿಯನ್ನು ಕಟಕಟನೆ ಕಡಿದು ತಿನ್ನುತ್ತಾಳೆ. ನನಗೆ ರೊಟ್ಟಿ ಸೀಯಿಸುವುದು ಹೇಗೂ ಬರುತ್ತದೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿ ಮಂಚದ ಕೆಳಗೆ ಸೇರುತ್ತಾಳೆ. ಹಾಗಾಗಿ ಸಿದ್ದಲಿಂಗಮ್ಮ ತಮ್ಮ ಮನೆಯ ಕುಕ್ಕರನ್ನು ಹಿತ್ತಲ ಕೊನೆಗೆ ಒಯ್ದಿದ್ದಾರೆ. "ನಮ್ಮನೆ ಬೇಳೆ ಈಗ ಪೇರ್ಲೆ ಮರದ ಕೆಳೀಕೆ ಬೇಯ್ತದೆ ಕಣಪ್ಪ" ಎಂದು ನಗುತ್ತಾರೆ. ಆದರೆ ಗೇಟು ಎತ್ತಿ ನೀರು ಬಿಟ್ಟಾಗ ಕಾಲೋನಿಯ ಕಿಟಕಿಗಳೆಲ್ಲ ನಡುಗುತ್ತವಲ್ಲ, ಆ ಸದ್ದಿಗೆ ಮಾತ್ರ ಇವಳು ಕಟ್ಟೆಯ ಮೇಲೆ ನಿಂತು ನಗುತ್ತಾಳೆ. ಕುಕ್ಕರಿಗೆ ಹೆದರುವವಳು ಕಪಿಲೆಗೆ ಹೆದರುವುದಿಲ್ಲ.

ಒಂದೇ ಒಂದು ಕಷ್ಟ. ಮುಟ್ಟಿಸಿಕೊಳ್ಳುವುದಿಲ್ಲ. ನಾನು ಕೈ ಚಾಚಿದರೆ ಒಂದು ಮಾರು ಆಚೆ ಹೋಗಿ, "ಬ್ಯಾಡ" ಅನ್ನುತ್ತಾಳೆ. ಎತ್ತಿಕೊಂಡು ಬಹಳ ಕಾಲವಾಯಿತು.

ನಿನ್ನ ಮಾತಿಗೆ ಒಪ್ಪಿದ್ದೇನೆ. ಮಾರ್ಚಿನವರೆಗೆ ಸಮಯ ಕೊಟ್ಟೆಯಲ್ಲ, ಅದು ದೊಡ್ಡದು.

ನಿನ್ನ ತಮ್ಮ
ನಟರಾಜು


ರಾವಂದೂರು
5-10-1998

ನಟರಾಜನಿಗೆ,

ನಿನ್ನ ಪತ್ರ ಓದಿ ಹೇಳಿದೆ, ಅವ್ವ "ರೊಟ್ಟಿ ಸೀಯಿಸ್ತಾನಂತಾ?" ಅಂದಳು. ಅಷ್ಟೆ.

ಮಗುವಿಗೆಂದು ಅವ್ವ ಬೆಳ್ಳಿ ಗೆಜ್ಜೆ ಮಾಡಿಸಿದ್ದಾಳೆ. ರಾಧಾಳ ತಮ್ಮ ಮಾದೇಶನ ಕೈಲಿ ಕಳಿಸಿದ್ದೇನೆ. ಅವನು ಈಗ ಹುಣಸೂರಿಗೂ ಕೋಟೆ ಊರಿಗೂ ನಡುವೆ ಓಡುವ ಬಸ್ಸಿನಲ್ಲಿ ಕಂಡಕ್ಟರ್. ಮೊದಲೇ ಕಡ್ಡಿಯ ಹಾಗಿದ್ದವನು ಈಗ ಟಿಕೆಟ್ಟಿನ ಹಾಗಾಗಿದ್ದಾನೆ.

ದೀಪಾವಳಿಗೆ ಬರಬೇಡ, ಇಲ್ಲಿ ಪಟಾಕಿ ಜಾಸ್ತಿ. ಹಬ್ಬ ಕಳೆದ ಮೇಲೆ ಬಾ. ಮಂತ್ರ ಹಾಕುವ ಸಣ್ಣಬೀರಯ್ಯನ ಕೈಲಿ ಒಂದು ಸಲ ಬೇವಿನ ಸೊಪ್ಪಿನಿಂದ ಇಳಿತೆಗೆಸೋಣ. ಗಾಳಿ ಸೋಕಿದ್ದರೆ ಬಿಡುತ್ತದೆ. ಸೋಕದಿದ್ದರೆ ನಷ್ಟವೇನೂ ಇಲ್ಲ.

ಬರುವಾಗ ಜಾಗ ಇರುವ ಬಸ್ಸು ನೋಡಿ ಹತ್ತು. ಆ ಮಗುವನ್ನು ಕಟ್ಟಿಕೊಂಡು ರಶ್ಶಿನಲ್ಲಿ ಬರಬೇಡ.

ಅಕ್ಕ
ಚಿಕ್ಕಸಿದ್ದಮ್ಮ


ಬೀಚನಹಳ್ಳಿ
12-11-1998

ಅಕ್ಕನಿಗೆ,

ಮೊದಲು ಸಣ್ಣಬೀರಯ್ಯನವರ ಕ್ಷಮೆ ಕೇಳಿದೆನೆಂದು ತಿಳಿಸು. ಬೇವಿನ ಸೊಪ್ಪನ್ನು ಅವರು ಮೆಲ್ಲಗೇ ಆಡಿಸಿದರು, ನಾನು ನೋಡುತ್ತಿದ್ದೆ. ಆದರೆ ಸೊಪ್ಪಿನ ತುದಿ ಕೆನ್ನೆಗೆ ಸವರಿದ ಕೂಡಲೇ ಹರ್ಷಿ ವಿಭೂತಿ ತಟ್ಟೆಯನ್ನು ಅವರ ಮೇಲೇ ಮಗುಚಿದಳು. ಮುಖವೆಲ್ಲ ಬೂದಿಯಾದರೂ ಅವರು, "ಗಾಳಿ ಇದ್ದಿದ್ರೆ ಈಗ ನನ್ ಮೇಲೆ ಬಂದದೆ ಬುಡಿ" ಅಂದರಲ್ಲ, ಆ ಮಾತು ನೆನೆದು ಈಗಲೂ ನಗು ಬರುತ್ತದೆ. ಗೆಜ್ಜೆಯನ್ನು ನಿನ್ನ ಅಟ್ಟದ ಮೇಲೇ ಇಟ್ಟು ಬಂದಿದ್ದೇನೆ. ಹಾಕಿದ ದಿನ ತನ್ನ ಕಾಲಿಗೆ ತಾನೇ ಹೆದರಿ ಮನೆಯೆಲ್ಲ ಓಡಿದಳು. ಓಡಿದಷ್ಟೂ ಅದು ಸದ್ದು ಮಾಡಿತು. ಅವ್ವ ಬೇಜಾರು ಮಾಡಿಕೊಳ್ಳದಿರಲಿ.

ಈಗ ನಿನಗೆ ಬರೆಯಲೇಬೇಕಾದ್ದು ಬೇರೆಯೇ ಇದೆ.

ವಾಪಸು ಬರುವಾಗಲೂ ನೀನು ಹೇಳಿದ ಹಾಗೆ ಹುಣಸೂರಿನಲ್ಲಿ ಜಾಗ ಇರುವ ಬಸ್ಸಿಗೆ ಕಾದೆ. ಬಂದದ್ದೆಲ್ಲ ತುಂಬಿಯೇ ಬಂತು. ಹೊತ್ತು ಇಳಿಯುತ್ತಾ ಬಂದಾಗ ಮಾದೇಶನ ಬಸ್ಸು ಬಂತು. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು.

"ಅತ್ತು ಬಾವ, ಒಳೀಕೆ ಜಾಗ ಅದೆ" ಅಂದ.

"ಎಲ್ಲೋ ಜಾಗ?"

"ಅತ್ತುದ್ಮೇಲೆ ಆಯ್ತದೆ. ಮುಂದ್ಕೋಗಿ, ಮುಂದ್ಕೋಗಿ, ಅಮ್ಮೋ ಆ ಮೂಟೆ ವಸಿ ತಳ್ಳು."

ಹಿಂದಿನವರು ತಳ್ಳಿದರು, ನಾವು ಒಳಗೆ ಹೋದೆವು. ಮರಮ್ಮ ಎಂಬ ದಪ್ಪನೆಯ ಹೆಂಗಸು ಹತ್ತಿಮೂಟೆ ಇಟ್ಟುಕೊಂಡು ಕೂತಿದ್ದರು. ಹರ್ಷಿ ಅವರ ಮೊಣಕಾಲಿಗೂ ಮೂಟೆಗೂ ನನ್ನ ಕಾಲಿಗೂ ನಡುವೆ ಸಿಕ್ಕಿಕೊಂಡಳು. ಅವಳ ತಲೆ ಮಾತ್ರ ಕಾಣುತ್ತಿತ್ತು. ಕೂಗು ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಂಬಿ ಹಿಡಿದು ಕಾದೆ. ಬರಲಿಲ್ಲ. ಪ್ರಜ್ಞೆ ತಪ್ಪಿತೋ ಏನೋ ಎಂದು ಗಾಬರಿಯಾಗಿ ಬಗ್ಗಿದೆ.

"ಸುಮ್ಕಿರಪ್ಪ, ಕೂಸು ನಿದ್ದೆ ಮಾಡ್ತಾ ಅದೆ. ನನ್ ಮಕ್ಕಳೂವೆ ಇಂಗೇ ನನ್ನ ಒರಗ್ಕಂಡ್ರೆ ಮಲೀಕತಿದ್ವು" ಅಂದರು ಮರಮ್ಮ.

ಹೌದು ಅಕ್ಕ. ಹತ್ತಿಮೂಟೆಗೆ ಕೆನ್ನೆ ಒತ್ತಿಕೊಂಡು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮನೆಯಲ್ಲಿ ಮಲಗಿಸಲು ಎಷ್ಟು ಪಾಡು ಪಡುತ್ತೇನೆ. ಕೋಟೆಯಲ್ಲಿ ಜನ ಇಳಿದು ಬಸ್ಸು ಖಾಲಿಯಾದಾಗ ಅವಳನ್ನು ಎತ್ತಿ ಕಿಟಕಿಯ ಪಕ್ಕದ ಸೀಟಿನಲ್ಲಿ ಆರಾಮಾಗಿ ಕೂರಿಸಿದೆ. ಆಗ ಎದ್ದು ಅಳಲು ಶುರು ಮಾಡಿದಳು.

ಇಷ್ಟು ಜನ ಅದುಮಿದರೂ ಸುಮ್ಮನಿದ್ದವಳು ಒಂದು ಬೇವಿನ ಎಲೆ ತಾಗಿದರೆ ಕೂಗುತ್ತಾಳೆ. ಯಾಕೆ ಹೀಗೆ? ನಿನಗೇನಾದರೂ ತೋಚುತ್ತದೆಯೆ?

ನಟರಾಜು


ರಾವಂದೂರು
30-11-1998

ನಟರಾಜು,

ನಿನ್ನ ಪತ್ರವನ್ನು ಭಾವನಿಗೂ ಓದಿ ಹೇಳಿದೆ. ಮಾದೇಶನ ಮಾತಿಗೆ ಅವರು ಕೆಮ್ಮುವವರೆಗೆ ನಕ್ಕರು. ಆಮೇಲೆ ಅವರೇ ಒಂದು ಮಾತು ನೆನಪಿಸಿದರು.

ರಾಧಾ ನಮ್ಮ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಎಲೆ ಕಟ್ಟಲು ಬರುತ್ತಿದ್ದಳಲ್ಲ, ಆಗ ಹರ್ಷಿ ಕೈಗೂಸು. ಉಳಿದವರೆಲ್ಲ ಮಕ್ಕಳನ್ನು ಜೋಲಿಗೆ ಹಾಕಿ ತೂಗುತ್ತಿದ್ದರು. ರಾಧಾ ಮಾತ್ರ ಹಳೆಯ ಸೀರೆಯಿಂದ ಮಗುವನ್ನು ಬೆನ್ನಿಗೆ ಬಿಗಿದು ಕಟ್ಟಿಕೊಂಡೇ ಕೆಲಸ ಮಾಡುತ್ತಿದ್ದಳು. ಅದೂ ಅಂಥಿಂಥ ಬಿಗಿಯಲ್ಲ. "ಯಾಕಮ್ಮಿ, ಕೂಸ್ಗೆ ಉಸ್ರು ಆಡ್ಬೇಕೋ ಬ್ಯಾಡ್ವೋ?" ಎಂದು ಅವ್ವ ಗದರಿದ್ದಳು. ಅದಕ್ಕೆ ಅವಳು, "ಸಡಿಲ ಬುಟ್ರೆ ಅಳ್ತಳೆ ಕಣತ್ತೆ" ಅಂದಿದ್ದಳು. ನಾವ್ಯಾರೂ ಅದನ್ನು ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ನೀನು ಆಗ ಡ್ಯಾಮಿನಲ್ಲಿದ್ದೆ.

ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಆ ಸೀರೆ ನಮ್ಮ ಮನೆಯಲ್ಲೇ ಇದೆ. ನೀಲಿಯದು. ಕಳಿಸಲೇ?

ಅಕ್ಕ


ಬೀಚನಹಳ್ಳಿ
18-1-1999

ಅಕ್ಕನಿಗೆ,

ಸೀರೆ ತಲುಪಿತು. ಮಡಿಕೆ ಬಿಚ್ಚದೆ ಸ್ವಲ್ಪ ದಿನ ಹಾಗೆಯೇ ಇಟ್ಟಿದ್ದೆ. ಈಗ ಬಿಚ್ಚಿದ್ದೇನೆ.

ರಜೆ ಹಾಕಿ ಮೈಸೂರಿಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿದೆ. ಬಸ್ಸಿನ ಕಥೆ ಹೇಳಿದೆ, ರಾಧಾ ಬೆನ್ನಿಗೆ ಕಟ್ಟುತ್ತಿದ್ದುದನ್ನೂ ಹೇಳಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಕೆಲವು ಮಕ್ಕಳಿಗೆ ಮುಟ್ಟಿದ್ದು, ಕೇಳಿದ್ದು ಎಲ್ಲಾ ನಮಗಿಂತ ಬಹಳ ಹೆಚ್ಚಾಗಿ ತಾಗುತ್ತದಂತೆ. ಮೆಲ್ಲಗೆ ಸವರಿದರೆ ಮೈಮೇಲೆ ಇರುವೆ ಹರಿದ ಹಾಗೆ, ಗಟ್ಟಿಯಾಗಿ ಒತ್ತಿ ಹಿಡಿದರೆ ಸಮಾಧಾನ. "ಇವಳು ಹಠ ಮಾಡ್ತಾ ಇಲ್ಲ, ತಡ್ಕೊಳ್ತಾ ಇದ್ದಾಳೆ" ಅಂದರು. ಬೆಳೆದ ಹಾಗೆ ಕೆಲವು ಹಗುರವಾಗಬಹುದು, ಕೆಲವು ಉಳಿಯಬಹುದು. ಹೊಸದೇನಾದರೂ ಮಾಡಿಸಬೇಕಾದರೆ ಮೊದಲು ಮನೆಯಲ್ಲಿ ಆಟವಾಗಿ ಮಾಡಿಸಿ ಅಂದರು. ನಾನು ಇಷ್ಟು ದಿನ ಮಗುವಿಗೆ ನೋವಾದೀತೆಂದು ಹೂವಿನ ಹಾಗೆ ಮುಟ್ಟುತ್ತಿದ್ದೆ. ಅದೇ ಅವಳಿಗೆ ಆಗುತ್ತಿರಲಿಲ್ಲ.

ಹಾಗಾಗಿ ಈಗ ನಮ್ಮ ಮನೆಯಲ್ಲಿ ದಿನಾ ಬಸ್ಸು ಓಡುತ್ತದೆ. ಸುತ್ತಿದ ಹಾಸಿಗೆ ಒಂದು ಕಡೆ, ದಿಂಬುಗಳು ಒಂದು ಕಡೆ, ಹಿಂದೆ ನಾನು. ನಾನು "ಮುಂದ್ಕೋಗಿ, ಮುಂದ್ಕೋಗಿ" ಎಂದು ಅದುಮುತ್ತೇನೆ. ಅವಳು ನಗುತ್ತಾಳೆ. ಮೊನ್ನೆ ಸಿದ್ದಲಿಂಗಮ್ಮ ಸಕ್ಕರೆ ಕೇಳಲು ಬಂದವರು, "ನಂಗೂ ಒಂದ್ ಸೀಟ್ ಕೊಡ್ರಪ್ಪ" ಎಂದು ಕೂತೇಬಿಟ್ಟರು. ನಿನ್ನೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಹರ್ಷಿ ತಾನಾಗಿ ಬಂದು ನನ್ನ ಬೆನ್ನಿಗೆ ಬೆನ್ನು ಕೊಟ್ಟು ಒರಗಿ ಕೂತಳು. ರೊಟ್ಟಿ ಇಡಿಯಾಗಿ ಸೀದುಹೋಯಿತು. ಎದ್ದು ತಿರುಗಿ ಹಾಕಲು ಮನಸ್ಸಾಗಲಿಲ್ಲ.

ತಲೆಯೊಂದು ಉಳಿದಿದೆ. ಮುಡಿ ಅಂದರೇನೆಂದು ತೋರಿಸಲು ಕೋಟೆಗೆ ಹೋಗಿ ನಾನೇ ತಲೆ ಬೋಳಿಸಿಕೊಂಡು ಬಂದೆ. ಆಫೀಸಿನಲ್ಲಿ, "ಯಾರೋದ್ರು ನಟರಾಜಣ್ಣ?" ಎಂದು ಕೇಳಿದರು. ಯಾರೂ ಇಲ್ಲ, ಮಗಳ ಮುಡಿಗೆ ಅಭ್ಯಾಸ ಅಂದೆ. ಹರ್ಷಿ ನನ್ನ ಬೋಳುತಲೆಯನ್ನು ಅಂಗೈಯಿಂದ ಉಜ್ಜಿ ಉಜ್ಜಿ ಖುಷಿಪಟ್ಟಳು. ಅವಳ ತಲೆಯ ಹತ್ತಿರ ನನ್ನ ಕೈ ಹೋದರೆ ಮಾತ್ರ ಇನ್ನೂ "ಬ್ಯಾಡ".

ನಟರಾಜು


ರಾವಂದೂರು
26-2-1999

ನಟರಾಜನಿಗೆ,

ಮಾರ್ಚ್ ಏಳು ಭಾನುವಾರಕ್ಕೆ ಗೊತ್ತು ಮಾಡಿದ್ದೇವೆ. ಚುಂಚನಕಟ್ಟೆಯಲ್ಲಿ ಮುಡಿ ತೆಗೆಯುವ ಶಿವನಂಜಪ್ಪನಿಗೆ ಹೇಳಿದೆ. ಕೈ ಹಗುರ, ಮಕ್ಕಳ ತಲೆ ಮಾಡಿ ಅಭ್ಯಾಸವಿದೆ. ಅವ್ವ ಇಲ್ಲಿಂದ ಟೆಂಪೊದಲ್ಲಿ ಬರುತ್ತಾಳೆ.

ನಾನು ಬರುವ ಹಾಗಿಲ್ಲ. ನಮ್ಮ ಮೈದುನನ ಹೆಂಡತಿಗೆ ಇವತ್ತು ಬೆಳಿಗ್ಗೆ ಹೆರಿಗೆಯಾಯಿತು, ಗಂಡುಮಗು. ಮನೆಗೆಲ್ಲ ಪುರುಡು, ಅವ್ವನಿಗೆ ತಾಗದಿದ್ದರೂ ನನಗೆ ತಾಗುತ್ತದೆ. ದೇವರ ಕೆಲಸಕ್ಕೆ ನಾನು ನಿಲ್ಲಬಾರದು. ಮುಂದೆ ಹಾಕೋಣವೆಂದರೆ ಐದು ತುಂಬಿಹೋಗುತ್ತದೆ, ಅವ್ವ ಒಪ್ಪುವುದಿಲ್ಲ.

ಸೋದರಮಾವನ ತೊಡೆಯ ಮೇಲೇ ಕೂರಬೇಕೆಂದು ಅವ್ವನ ಹಠ. ಮಾದೇಶ ಬಂದಿದ್ದ. "ಅಕ್ಕ, ಬಸ್ನಲ್ಲಿ ನೂರ್ ಜನಾನ ತುಂಬ್ತೀನಿ. ಆ ಒಂದ್ ಕೂಸ್ನ ತೊಡೆ ಮ್ಯಾಲೆ ಕೂರ್ಸ್ಕಳಾಕೆ ದಿಗಿಲಾಯ್ತದೆ" ಅಂದ.

ಇಲ್ಲಿ ಒಳಕೋಣೆಯನ್ನು ಸಾರಿಸಿ ಖಾಲಿ ಮಾಡಿಟ್ಟಿದ್ದೇನೆ. ಫ್ರಾಕಿಗೆ ಮೆತ್ತನೆಯ ಬಟ್ಟೆಯನ್ನೂ ತಂದಿದ್ದೇನೆ. ಹೊಲಿಯಲು ಇನ್ನೂ ಕೈಹಚ್ಚಿಲ್ಲ. ಏನಾಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ ಅಂತ ಕೇಳಬೇಡ. ನನಗೇ ಗೊತ್ತಿಲ್ಲ.

ಅಕ್ಕ
ಚಿಕ್ಕಸಿದ್ದಮ್ಮ


ಬೀಚನಹಳ್ಳಿ
8-3-1999

ಅಕ್ಕನಿಗೆ,

ನೀನು ನಿನ್ನೆ ಬಾಗಿಲಲ್ಲೇ ಕೂತು ದಾರಿ ಕಾಯುತ್ತಿದ್ದಿರಬೇಕು. ಅವ್ವ ಬಂದು ಏನು ಹೇಳಿದಳೋ ನನಗೆ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೊಳೆಯಲ್ಲಿ ನೀರು ಕಡಿಮೆ ಇತ್ತು. ನಾನು, ಹರ್ಷಿ, ಮಾದೇಶ, ನಮ್ಮ ಜೊತೆ ಸಿದ್ದಲಿಂಗಮ್ಮ ಮೊದಲೇ ಹೋಗಿದ್ದೆವು. ಅವ್ವ ಬಂದ ಮೇಲೆ ಮಾದೇಶ ಮೆಟ್ಟಿಲ ಮೇಲೆ ಕಾಲು ಮಡಿಸಿ ಕೂತ. ಮಗುವನ್ನು ಅವನ ತೊಡೆಯ ಮೇಲೆ ಕೂರಿಸಿದೆ. ಗಾಜಿನ ಲೋಟ ಹಿಡಿದ ಹಾಗೆ ಹಿಡಿದುಕೊಂಡ. ಶಿವನಂಜಪ್ಪ ಬೆರಳು ಅದ್ದಿ ತಲೆಗೆ ನೀರು ಚಿಮುಕಿಸಿದರು. ಅಷ್ಟೇ. ಹರ್ಷಿ ಕೂಗಿ ಒದ್ದದ್ದಕ್ಕೆ ನೀರಿನ ತಂಬಿಗೆ ಮೆಟ್ಟಿಲಿಳಿದು ಹೊಳೆ ಸೇರಿತು. ಅವಳು ಓಡಿಹೋಗಿ ಮೇಲಿನ ಗೋಡೆಯ ಸಂದಿಯಲ್ಲಿ ಸೇರಿಕೊಂಡಳು.

ಅವ್ವ ನೆಲದ ಮೇಲೆ ಕೂತುಬಿಟ್ಟಳು. "ಬುಡ್ಲಾ ನಟರಾಜ, ನಿನ್ ಕೈಲಾಗಾಕಿಲ್ಲ. ಸಿದ್ದಿ ಮನೇಗೆ ಬುಟ್ಬುಡು" ಅಂದಳು.

ನೀಲಿ ಸೀರೆಯನ್ನು ಚೀಲದಲ್ಲಿ ತಂದಿದ್ದೆ. ಅದನ್ನೇ ಹಿಡಿದುಕೊಂಡು ನಿಂತಿದ್ದೆ.

ಆಗ ಮಾದೇಶ ಎದ್ದ. ಅವ್ವ ಬಂದಿದ್ದ ಟೆಂಪೊದ ಹತ್ತಿರ ಹೋಗಿ ಅದರ ತಗಡನ್ನು ದಬದಬ ಬಡಿದ.

"ಕ್ವಾಟೆ, ಕ್ವಾಟೆ, ಕ್ವಾಟೆ. ಯಾರ್ರೀ ಕ್ವಾಟೆ? ಬಸ್ ಒಂಟೋಯ್ತದೆ, ಬನ್ನಿ."

ಹರ್ಷಿ ಸಂದಿಯಿಂದ ತಲೆ ಎತ್ತಿ ನೋಡಿದಳು.

ಮಾದೇಶ ಬಂದು ಮೊದಲಿನ ಜಾಗದಲ್ಲೇ ಕೂತ. "ಬಾವ, ಹಿಂದ್ಕೆ ಕೂತ್ಕೊ. ಸಿದ್ದಲಿಂಗಮ್ಮೋರೆ, ನೀವು ಈ ಕಡೀಕೆ. ಅವ್ವೋ, ನೀನು ಆ ಕಡೆ."

"ಮುಡಿ ಕೊಡೋ ಜಾಗದಲ್ಲಿ ಇದೇನ್ಲಾ ಆಟ?" ಅಂದಳು ಅವ್ವ.

"ಸೋದರಮಾವನ ತೊಡೆ ಆಗ್ಬೇಕು ಅಂದ್ಯಲ್ಲ, ತೊಡೆ ಇಲ್ಲೇ ಅದೆ. ಸುತ್ತ ಜನ ಇರಬಾರ್ದು ಅಂತ ಯಾವ್ ದೇವ್ರೂ ಹೇಳಿಲ್ಲ. ಮುಂದ್ಕೋಗಿ, ಮುಂದ್ಕೋಗಿ."

ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ನಾನೂ ಅತ್ಕಬೋದಾ?" ಎಂದು ಕೇಳಿದಳು. ಅವಳನ್ನೂ ಕೂರಿಸಿದ. ನಾವು ಒಬ್ಬರ ಮೇಲೊಬ್ಬರು ಬೀಳುವ ಹಾಗೆ ಒತ್ತಿಕೊಂಡೆವು. ಹರ್ಷಿ ನಿಧಾನವಾಗಿ ಮೆಟ್ಟಿಲಿಳಿದಳು. ನಮ್ಮನ್ನು ಒಂದು ಸುತ್ತು ನೋಡಿದಳು. ಆಮೇಲೆ ಅವ್ವನ ಮೊಣಕೈ ಸರಿಸಿ, ನಡುವೆ ನುಗ್ಗಿ, ಮಾದೇಶನ ತೊಡೆಯ ಮೇಲೆ ಕೂತಳು. ನಾನು ಸೀರೆಯನ್ನು ಅವಳ ಭುಜದ ಸುತ್ತ ಬಿಗಿಯಾಗಿ ಸುತ್ತಿ ಹಿಂದಿನಿಂದ ಹಿಡಿದೆ.

"ನಾನೆಲ್ಲಿ ನಿಂತ್ಕಳಾದು?" ಎಂದು ಕೇಳಿದರು ಶಿವನಂಜಪ್ಪ.

"ಫುಟ್‌ಬೋರ್ಡ್ ಮ್ಯಾಲೆ" ಅಂದ ಮಾದೇಶ.

ನೀರು ಚಿಮುಕಿಸಬೇಡಿ, ಒದ್ದೆ ಟವಲನ್ನು ತಲೆಗೆ ಒತ್ತಿ ಹಿಡಿಯಿರಿ, ಅಂಗೈಯನ್ನೂ ಗಟ್ಟಿಯಾಗಿ ಊರಿ ಎಂದು ನಾನು ಹೇಳಿಕೊಟ್ಟೆ. ಅವರು ಹಾಗೇ ಮಾಡಿದರು. ಮೊದಲ ಗಂಟು ಬಿದ್ದಾಗ ಹರ್ಷಿಯ ಮೈ ಬಿಗಿಯಾಯಿತು. ಇನ್ನೂ ಒತ್ತಿಕೊಂಡೆವು. ಮೈ ಸಡಿಲವಾಯಿತು. ಅರ್ಧ ತಲೆಯಾದ ಮೇಲೆ ಶಿವನಂಜಪ್ಪ ಬೆನ್ನು ನೆಟ್ಟಗೆ ಮಾಡಲು ಕತ್ತಿ ನಿಲ್ಲಿಸಿದರು. ಆಗ ಅಷ್ಟು ಜನರ ನಡುವಿನಿಂದ ಅವಳ ದನಿ ಬಂತು, "ರೈಟ್."

ಬಟ್ಟೆ ಒಗೆಯುವ ಹೆಂಗಸು ನಕ್ಕ ರಭಸಕ್ಕೆ ಇಡೀ ಬಸ್ಸೇ ಅಲುಗಾಡಿತು. "ನಗ್ಬ್ಯಾಡಿ ಕಣ್ರೀ, ಕೈಲಿ ಕತ್ತಿ ಅದೆ" ಎಂದು ಶಿವನಂಜಪ್ಪ ಬೇಡಿಕೊಂಡರು. ಕೊನೆಯಲ್ಲಿ ಯಾರ ಕಾಲೂ ಯಾರ ಸ್ವಾಧೀನದಲ್ಲೂ ಇರಲಿಲ್ಲ. ಅವ್ವನನ್ನು ಇಬ್ಬರು ಎತ್ತಿ ನಿಲ್ಲಿಸಬೇಕಾಯಿತು.

ಮುಡಿಯನ್ನು ಹೊಳೆಗೆ ಬಿಟ್ಟೆ. ಅದು ಹುಟ್ಟುಗೂದಲು. ರಾಧಾ ಎಣ್ಣೆ ಹಚ್ಚಿದ ಕೂದಲೂ ಅದರಲ್ಲೇ ಇತ್ತು. ಬಂಡೆ ದಾಟುವವರೆಗೂ ನೋಡುತ್ತಾ ನಿಂತೆ. ಯಾರೂ ಕರೆಯಲಿಲ್ಲ.

ತಿರುಗಿದಾಗ ಹರ್ಷಿ ಹಿಂದೆಯೇ ನಿಂತಿದ್ದಳು. ನನ್ನ ಕೈಯನ್ನು ತಾನೇ ತೆಗೆದುಕೊಂಡು ತನ್ನ ಬೋಳುತಲೆಯ ಮೇಲಿಟ್ಟು, ಮೇಲಿನಿಂದ ತನ್ನ ಎರಡೂ ಕೈಯಿಂದ ಅದುಮಿದಳು. "ಗಟ್ಟಿ" ಅಂದಳು.

ಅವ್ವ ಟೆಂಪೊ ಹತ್ತುವಾಗ, "ಸಿದ್ದಿಗೆ ನೀನೇ ಕಾಗ್ದ ಬರುದ್ಬುಡು" ಅಂದಳು. ಏನೆಂದು ಬರೆಯಬೇಕೆಂದು ಹೇಳಲಿಲ್ಲ. ಸಾರಿಸಿಟ್ಟ ಕೋಣೆಯ ವಿಷಯ ನನ್ನ ಮನಸ್ಸಿನಲ್ಲಿದೆ ಅಕ್ಕ. ಇಷ್ಟು ಜನ ಹಿಡಿಯಬೇಕಾಯಿತು, ನಾನೊಬ್ಬನೇ ಅಲ್ಲ. ಇದು ನಿನ್ನ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ, ನೀನೇ ಹೇಳಬೇಕು.

ನಿನ್ನ ತಮ್ಮ
ನಟರಾಜು


ರಾವಂದೂರು
16-3-1999

ತಮ್ಮ ನಟರಾಜನಿಗೆ,

ಅವ್ವ ಬಂದ ದಿನ ಸಂಜೆಯೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು, "ನಿನ್ ತಮ್ಮ ಬಸ್ ಬುಟ್ಟವ್ನೆ ಕಣಮ್ಮಿ" ಎಂದಳು. ಮಿಕ್ಕದ್ದನ್ನು ನಿನ್ನ ಪತ್ರದಿಂದಲೇ ತಿಳಿದೆ. ಈಗ ದಿನಾ ಬೆಳಿಗ್ಗೆ ಓದಿಸಿಕೊಳ್ಳುತ್ತಾಳೆ. "ರೈಟ್" ಎನ್ನುವ ಜಾಗ ಬಂದರೆ ನನಗಿಂತ ಮೊದಲು ತಾನೇ ಹೇಳುತ್ತಾಳೆ.

ಪುರುಡು ಕಳೆಯಿತು. ಬಾಣಂತಿಯನ್ನೂ ಕೂಸನ್ನೂ ಒಳಕೋಣೆಯಲ್ಲಿ ಮಲಗಿಸಿದ್ದೇನೆ. ಸಾರಿಸಿದ್ದು ದಂಡವಾಗಲಿಲ್ಲ.

ನಿನ್ನೆ ಆ ಮೆತ್ತನೆಯ ಬಟ್ಟೆಯಲ್ಲಿ ಫ್ರಾಕು ಹೊಲಿದೆ. ಹೊಲಿಗೆಯನ್ನೆಲ್ಲ ಹೊರಗಡೆಗೇ ಬಿಟ್ಟಿದ್ದೇನೆ. ಹಾಗಾಗಿ ಇನ್ನು ಮೇಲೆ ನೀನು ಉಲ್ಟಾ ಹಾಕಬೇಕಾಗಿಲ್ಲ, ನೆಟ್ಟಗೇ ಹಾಕು. ಕಾಲೋನಿಯವರು ಏನಾದರೂ ಅಂದರೆ, ಅವಳ ಅತ್ತೆ ಹೀಗೇ ಹೊಲಿಯುವುದು ಅನ್ನು. ಮಾದೇಶನ ಕೈಲಿ ಕೊಟ್ಟಿದ್ದೇನೆ, ನಾಳೆ ತಲುಪಬಹುದು. ಗೆಜ್ಜೆಯ ಬೆಳ್ಳಿ ಕರಗಿಸಿ ಸದ್ದಿಲ್ಲದ ದಪ್ಪ ಕಡಗ ಮಾಡಿಸಬೇಕೆಂದು ಅವ್ವ ಹೇಳಿದ್ದಾಳೆ.

ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಬಂದು ನಾಲ್ಕು ದಿನ ಇದ್ದು ಹೋಗು. ಬರುವಾಗ ಜಾಗ ಇರುವ ಬಸ್ಸು ಹತ್ತಬೇಡ.

ನಿನ್ನ ಅಕ್ಕ
ಚಿಕ್ಕಸಿದ್ದಮ್ಮ